ಕೊನೆಯ ಸಾಲಿನ ಕಾವಲು

ಹೊಳೆಯ ದಂಡೆಗೆ ಒಂದು ಆಶ್ರಮ. ಅಲ್ಲಿ ಮಂತ್ರ ಕಲಿಸುತ್ತಿರಲಿಲ್ಲ. ಕಂಪ್ಯೂಟರಿಗೆ ಅರ್ಥವಾಗುವ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತಿದ್ದರು.

ಕಲಿಸುವವರು ಗುರುಪಾದಯ್ಯನವರು. ಶಿಷ್ಯರ ಬಾಯಲ್ಲಿ ಅವರು ಅಜ್ಜಾರು. ಮಾತು ಕಡಿಮೆ. ಕೇಳಿದ್ದಕ್ಕೆ ಅವರು ನೇರವಾಗಿ ಉತ್ತರ ಕೊಟ್ಟರೆ ಶಿಷ್ಯರಿಗೆ ಆವತ್ತು ಹಬ್ಬ.

ಆಶ್ರಮಕ್ಕೊಂದು ಕಟ್ಟಳೆ ಇತ್ತು. ಒಂದು ಪ್ರೋಗ್ರಾಂ ಕಟ್ಟುವಾಗ ಪ್ರತಿ ಶಿಷ್ಯನೂ ತನ್ನ ಪಾಲಿನ ಒಂದು ಭಾಗ, ಅಂದರೆ ಒಂದು ಆಬ್ಜೆಕ್ಟ್, ಬರೆಯಬೇಕು. ಅದು ಅವನ ಮನೆ. ಆ ಮನೆಯೊಳಗೆ ಇನ್ನೊಬ್ಬ ಕಾಲಿಡುವಂತಿಲ್ಲ. ಏನಾದರೂ ಬೇಕಿದ್ದರೆ ಹೊರಗೆ ನಿಂತು ಕೇಳಬೇಕು, ಒಳಗಿನಿಂದ ಕೊಟ್ಟದ್ದನ್ನು ತೆಗೆದುಕೊಂಡು ಹೋಗಬೇಕು. ಕೇಳದೆ ಒಳಹೊಕ್ಕವನಿಗೆ ಆಶ್ರಮದಲ್ಲಿ ಜಾಗವಿಲ್ಲ.

ಮನೆಯೊಳಗಿನ ಒಂದೊಂದು ಕೆಲಸಕ್ಕೂ ಒಂದೊಂದು ಮೆಥಡ್. ಹೊರಗಿನವನು ಹೆಸರು ಹಿಡಿದು ಕರೆದರೆ ಅದು ತನ್ನ ಸಾಲುಗಳನ್ನು ಮೇಲಿನಿಂದ ಕೆಳಗೆ ಮಾಡಿ ಮುಗಿಸುತ್ತದೆ. ಅಲ್ಲಿ ಕಲಿಸುತ್ತಿದ್ದ ಭಾಷೆಯಲ್ಲಿ, ಕೊನೆಯ ಸಾಲಿನಿಂದ ಏನು ಹೊರಬಂತೋ ಅದೇ ಕರೆದವನ ಕೈಗೆ ಹೋಗುತ್ತದೆ. ಇದನ್ನು ಕೊಡು ಎಂದು ಬೇರೆ ಏನನ್ನೂ ಬರೆಯಬೇಕಾಗಿಲ್ಲ.

ಇದು ಅಲ್ಲಿನ ಮೊದಲ ಪಾಠ. ಹೊಸಬರಿಗೆ ಅದನ್ನು ಹೇಳಿಕೊಡುತ್ತಿದ್ದವನು ಅಡಿವೆಪ್ಪ. ಚೆನ್ನಾಗಿ ಹೇಳಿಕೊಡುತ್ತಿದ್ದ.

ಹೊಳೆಯ ನಡುವೆ ಒಂದು ನಡುಗಡ್ಡೆ ಇದೆ. ಬೇಸಿಗೆಯಲ್ಲಿ ಎರಡೂ ದಂಡೆಯವರು ಅಲ್ಲಿ ಸೌತೆ ಬೆಳೆಯುತ್ತಾರೆ, ಆಡು ಮೇಯಿಸುತ್ತಾರೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗ ಅವರಿಗೆ ಸುದ್ದಿ ಮುಟ್ಟುವುದು ತಡ. ಅದಕ್ಕೆ ಅಜ್ಜಾರು ಇಬ್ಬರು ಶಿಷ್ಯರಿಗೆ ಒಂದು ಕೆಲಸ ಹಚ್ಚಿದ್ದರು.

ಹೊಳೆಯಲ್ಲಿ ನೆಟ್ಟ ಯಂತ್ರದಿಂದ ನೀರಿನ ಮಟ್ಟ ತಿಳಿದು, ಕೇಳಿದವರಿಗೆ ಕೊಡುವ ಮನೆ ಅಡಿವೆಪ್ಪನದು. ಆ ಮಟ್ಟವನ್ನು ಕೇಳಿ ಪಡೆದು, ಅಪಾಯದ ಗುರುತು ಮೀರಿದ್ದರೆ ಸೈರನ್ ಕೂಗಿಸುವ ಮನೆ ಯಮನೂರನದು.

ಯಮನೂರ ಆಚೆ ದಂಡೆಯ ಕುರುಬರ ಹುಡುಗ. ಅವನಿಗೆ ಕಲಿಯಲು ಈ ಆಶ್ರಮ ಬಿಟ್ಟರೆ ಬೇರೆ ದಿಕ್ಕಿರಲಿಲ್ಲ. ಅಡಿವೆಪ್ಪನಿಗೂ ಅವನಿಗೂ ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಗೆಳೆತನ. ಸೈರನ್ ಮೊದಲ ಸಲ ಕೂಗಿದ ದಿನ ಇಬ್ಬರೂ ಚಿಕ್ಕ ಮಕ್ಕಳಂತೆ ಕುಣಿದಿದ್ದರು.

ಆ ಗೆಳೆತನಕ್ಕೆ ಹುಳು ಬಿದ್ದದ್ದು ಒಂದು ಕಿಟಕಿಯಿಂದ.

ಒಂದು ಬೆಳಿಗ್ಗೆ ಅಡಿವೆಪ್ಪ ಕಂಪ್ಯೂಟರುಗಳ ಕೋಣೆಗೆ ಬಂದಾಗ ಕಿಟಕಿಯ ಪಕ್ಕದ ಅವನ ಜಾಗದಲ್ಲಿ ಯಮನೂರ ಕೂತಿದ್ದ. ಇವನನ್ನು ಕಂಡು ಎದ್ದ. ಈ ಕಿಟಕಿಯಿಂದ ಹೊಳೆಯ ಅಳತೆಗಂಬ ಕಾಣುತ್ತದೆ, ನೀರು ಎಲ್ಲಿದೆ ಅಂತ ನೋಡುತ್ತಿದ್ದೆ ಎಂದ. ನಿಜಕ್ಕೂ ಆ ಕಂಬ ಕಾಣುವುದು ಅದೊಂದೇ ಕಿಟಕಿಯಿಂದ.

ಅಡಿವೆಪ್ಪ ಹೂಂ ಎಂದ. ಕೂತ ಮೇಲೆ ಯೋಚಿಸಿದ. ನೀರು ನೋಡುವವನು ನಿಂತು ನೋಡಬಹುದಿತ್ತಲ್ಲ? ಕೂತದ್ದು ಯಾಕೆ?

ಅಷ್ಟೇ ಸಾಕಾಯಿತು. ಸಂಶಯಕ್ಕೆ ಕೂರಲು ಒಂದು ಜಾಗ ಕೊಟ್ಟರೆ ಅದು ಚಾಪೆ ಹಾಸಿಕೊಂಡು ಮಲಗಿಯೇ ಬಿಡುತ್ತದೆ.

ಅಂದು ಊಟದ ಹೊತ್ತಿಗೆ ಯಮನೂರ ಅವನಿಗೆ ಒಂದು ಸೌಟು ಮಜ್ಜಿಗೆ ಹೆಚ್ಚಿಗೆ ಹಾಕಿದ. ತಪ್ಪು ಮಾಡಿದವನ ಕೈ ಧಾರಾಳ ಎಂದುಕೊಂಡ ಅಡಿವೆಪ್ಪ. ಮರುದಿನ ಹಾಕಲಿಲ್ಲ. ಈಗ ಧೈರ್ಯ ಬಂದಿದೆ ಎಂದುಕೊಂಡ.

ಯಮನೂರ ನಕ್ಕರೆ ಯಾಕೆ ನಕ್ಕ, ನಗದಿದ್ದರೆ ಯಾಕೆ ನಗಲಿಲ್ಲ. ಬೇರೆ ಶಿಷ್ಯರ ಜೊತೆ ಮಾತಾಡುತ್ತ ಇವನನ್ನು ಕಂಡು ಮಾತು ನಿಲ್ಲಿಸಿದರೆ ತನ್ನ ವಿಷಯವೇ. ನಿಲ್ಲಿಸದಿದ್ದರೆ, ನಟನೆ. ಪಾಪ, ಯಮನೂರನಿಗೆ ಇದರಲ್ಲಿ ಗೆಲ್ಲುವ ದಾರಿಯೇ ಇರಲಿಲ್ಲ.

ತನ್ನ ಮನೆಯೊಳಗೆ ಯಮನೂರ ಕೈಯಾಡಿಸುತ್ತಿದ್ದಾನೆ ಎಂದು ಅಡಿವೆಪ್ಪ ತೀರ್ಮಾನಿಸಿದ. ಏನು ಕೆಟ್ಟಿದೆ ಎಂದು ಹುಡುಕಿದ. ಏನೂ ಕೆಟ್ಟಿರಲಿಲ್ಲ. ಎಷ್ಟು ಜಾಣ ಇದ್ದಾನೆ ನೋಡು ಎಂದುಕೊಂಡ.

ಕೊನೆಗೆ ಅಜ್ಜಾರ ಹತ್ತಿರ ಹೋದ. ಅವರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು.

"ಅಜ್ಜಾರ, ನನ್ನ ಮನೀಗೆ ಒಂದು ಕಾವಲಾ ಇಡಬೇಕಂತ ಮಾಡೀನ್ರಿ."

"ಕಳುವಾಗೈತೇನು?"

"ಇನ್ನೂ ಇಲ್ರಿ."

"ಮತ್ತ?"

"ಆಗಬಹುದ್ರಿ."

ಅಜ್ಜಾರು ಒಂದು ಕಾಯಿ ಒಡೆದು ನೋಡಿದರು. ಒಳಗೆ ಬೀಜ ಇರಲಿಲ್ಲ. ಸಿಪ್ಪೆಯನ್ನು ಪಕ್ಕಕ್ಕಿಟ್ಟರು.

"ಇಡು. ಆದರ ಕಾವಲುಗಾರನ್ನ ಬಾಗಲದಾಗ ನಿಂದರಸಬ್ಯಾಡ."

ಅಡಿವೆಪ್ಪನಿಗೆ ಅರ್ಥವಾಗಲಿಲ್ಲ. ಕಾವಲುಗಾರ ಬಾಗಿಲಲ್ಲಿ ನಿಲ್ಲದೆ ಅಡುಗೆಮನೆಯಲ್ಲಿ ನಿಲ್ಲುತ್ತಾನೆಯೇ? ಬಿಡಿಸಿ ಹೇಳಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ತನ್ನ ಜಾಗಕ್ಕೆ ಬರುವಷ್ಟರಲ್ಲಿ ಅವನಿಗೆ ಬೇರೆಯದೇ ಹೊಳೆದಿತ್ತು. ಯಮನೂರ ಅಜ್ಜಾರ ಕಿವಿಯಲ್ಲಿ ತನಗಿಂತ ಮೊದಲೇ ಊದಿದ್ದಾನೆ. ಅದಕ್ಕೇ ಅಜ್ಜಾರು ಕಾವಲು ಬೇಡ ಎನ್ನುವುದನ್ನು ಸುತ್ತಿ ಬಳಸಿ ಹೇಳುತ್ತಿದ್ದಾರೆ.

ಅವತ್ತೇ ತನ್ನ ಮೆಥಡ್ಡಿಗೆ ಒಂದು ಸಾಲು ಸೇರಿಸಿದ. ಅಳೆದ ಮಟ್ಟವನ್ನು ಪರದೆಯ ಮೇಲೆ ತೋರಿಸುವ ಸಾಲು. ಮೇಲಿನ ಸಾಲುಗಳಲ್ಲಿ ಯಾರು ಏನು ಕೈಯಾಡಿಸಿದರೂ ಕೊನೆಗೆ ಬಂದ ಲೆಕ್ಕ ತನ್ನ ಕಣ್ಣಿಗೆ ಬೀಳಬೇಕು. ಅದಕ್ಕಾಗಿ ಅದನ್ನು ಎಲ್ಲಕ್ಕಿಂತ ಕೆಳಗೆ ಇಟ್ಟ.

ಪರದೆಯ ಮೇಲೆ ಅಂಕಿ ಬರತೊಡಗಿತು. ಕಿಟಕಿಯಿಂದ ಕಂಬ ನೋಡಿದ. ಸರಿಯಾಗಿತ್ತು. ಬಹಳ ದಿನಗಳ ನಂತರ ಅವನಿಗೆ ಊಟ ರುಚಿಸಿತು.

ಆಮೇಲೆ ಒಂದು ಮುಂಜಾನೆ ಅಣೆಕಟ್ಟಿನವರು ನೀರು ಬಿಟ್ಟರು.

ಹೊಳೆ ಸದ್ದಿಲ್ಲದೆ ಏರಿತು. ನಡುಗಡ್ಡೆಯಲ್ಲಿ ಕಾಶವ್ವ ಎಂಬ ಹೆಂಗಸು ಆಡು ಮೇಯಿಸುತ್ತಿದ್ದಳು. ಯಮನೂರನ ಊರಿನವಳು, ಅವನಿಗೆ ಚಿಗವ್ವ, ಅಂದರೆ ಚಿಕ್ಕಮ್ಮ, ಆಗಬೇಕು. ಸೈರನ್ ಇದೆಯಲ್ಲ ಎಂಬ ಧೈರ್ಯದಲ್ಲಿ ಅವಳು ಹೊಳೆಯ ಕಡೆ ಬೆನ್ನು ಹಾಕಿ ಕೂತಿದ್ದಳು.

ಸೈರನ್ ಕೂಗಲಿಲ್ಲ.

ನೀರು ಕಾಲಿಗೆ ತಾಗಿದಾಗ ಅವಳು ಕಿರುಚಿದಳು. ಹರಿಗೋಲಿನವನು ಆಚೆಯಿಂದ ಜೀವ ಕೈಯಲ್ಲಿ ಹಿಡಿದುಕೊಂಡು ಬಂದು ಅವಳನ್ನು ಎತ್ತಿಕೊಂಡ. ಅವಳು ಉಳಿದಳು. ಆಡುಗಳಲ್ಲಿ ಕೆಲವು ಉಳಿಯಲಿಲ್ಲ. ನೀರು ಇಳಿಯುವ ತನಕ ಇನ್ನು ಹರಿಗೋಲು ಹಾಕುವುದಿಲ್ಲ ಎಂದು ಅವನು ಆಚೆ ದಂಡೆಗೆ ಹೋಗಿ ಕೂತ.

ಅಡಿವೆಪ್ಪ ಓಡಿ ಬಂದು ತನ್ನ ಪರದೆ ನೋಡಿದ. ನೀರಿನ ಮಟ್ಟ ಅಲ್ಲಿ ಸರಿಯಾಗಿ ಬಂದಿತ್ತು. ಏರಿದ್ದು, ಗುರುತು ಮೀರಿದ್ದು, ಎಲ್ಲ.

ಅವನ ಎದೆ ಹೊಡೆದುಕೊಂಡಿತು. ಕಾಶವ್ವನಿಗಾಗಿ ಹೊಡೆದುಕೊಂಡಿದ್ದರೆ ಚೆನ್ನಾಗಿತ್ತು. ಅವನಿಗೆ ಆದದ್ದು ಖುಷಿ. ಕಳ್ಳ ಸಿಕ್ಕಿದ್ದ.

ಎಲ್ಲರೂ ಅಂಗಳದಲ್ಲಿ ಕೂಡಿದರು. ಅಡಿವೆಪ್ಪ ಎದ್ದು ನಿಂತು ಎಲ್ಲವನ್ನೂ ಹೇಳಿದ. ಯಮನೂರ ತನ್ನ ಜಾಗದಲ್ಲಿ ಕೂತಿದ್ದದ್ದು, ತಾನು ಕಾವಲಿಟ್ಟದ್ದು, ತನ್ನ ಕಡೆಯಿಂದ ಅಳತೆ ಸರಿಯಾಗಿ ಬಂದದ್ದು. ಬಂದ ಅಳತೆ ಸೈರನ್ನಿಗೆ ಮುಟ್ಟದೆ ನಡುವೆ ಮಾಯವಾಗಬೇಕಾದರೆ ತನ್ನ ಮನೆಯೊಳಗೆ ಯಮನೂರ ಹೊಕ್ಕಿರಲೇಬೇಕು ಎಂದ.

ಒಬ್ಬ ಶಿಷ್ಯ ಕೇಳಿದ. ನೀರಿನಲ್ಲಿ ಸಿಕ್ಕಿಕೊಂಡವಳು ಅವನ ಚಿಗವ್ವ, ತನ್ನವರನ್ನೇ ಯಾರಾದರೂ ಮುಳುಗಿಸುತ್ತಾರೆಯೇ?

ಅದಕ್ಕೂ ಅಡಿವೆಪ್ಪನ ಹತ್ತಿರ ಉತ್ತರವಿತ್ತು. ತನ್ನ ಊರಿನವರ ಮುಂದೆ ನನ್ನ ಕೆಲಸ ಕೆಟ್ಟದ್ದೆಂದು ತೋರಿಸಬೇಕಿತ್ತು, ಇಷ್ಟು ನೀರು ಬರುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ ಎಂದ. ಸಂಶಯ ಬಂದವನ ಬಳಿ ಉತ್ತರಗಳಿಗೆ ಬರವಿರುವುದಿಲ್ಲ.

ಅಜ್ಜಾರು ಯಮನೂರನ ಕಡೆ ತಿರುಗಿದರು.

"ನೀ ಅಳತಿ ಕೇಳಿದಾಗ ನಿನಗ ಏನ ಬಂತು?"

"ಏನೂ ಬರಲಿಲ್ರಿ, ಅಜ್ಜಾರ."

"ಏನೂ ಬರದಿದ್ದರ ಏನ ಮಾಡು ಅಂತ ಪ್ರೋಗ್ರಾಂನಾಗ ಬರದಿದ್ದಿ?"

"ಸುಮ್ನ ತಡದು, ಮತ್ತ ಕೇಳು ಅಂತ್ರಿ. ಅದು ಕೇಳಿಕೋಂತನ ಕುಂತಿತ್ರಿ."

"ಯಾಕ ಹಂಗ ಬರದಿ?"

ಯಮನೂರ ತಲೆ ತಗ್ಗಿಸಿದ.

"ಯಂತ್ರ ಒಮ್ಮೊಮ್ಮೆ ತಡಾ ಮಾಡತೈತ್ರಿ. ಅಡಿವೆಪ್ಪ ಮಾತ್ರ ಕೊಡದ ಇರಾಂವ ಅಲ್ಲ ಅಂತ ಬರದ್ನಿ."

ಎಷ್ಟು ಚೆನ್ನಾಗಿ ಆಡುತ್ತಾನೆ ಎಂದುಕೊಂಡ ಅಡಿವೆಪ್ಪ.

ಆಗ ಯಮನೂರ ಎದ್ದು ಅವನ ಎದುರಿಗೆ ಬಂದು ನಿಂತ.

"ಅಡಿವೆಪ್ಪ, ಕಟ್ಟಳಿ ಬ್ಯಾಡ, ಪರದೆ ಬ್ಯಾಡ. ನಿನ್ನನ್ನ ಒಂದ ಮಾತ ಕೇಳತೀನಿ. ನಾ ನಿನ್ನ ಮನಿಯೊಳಗ ಹೊಕ್ಕೀನಿ ಅಂತ ನಿನಗ ಖರೇನ ಅನಸತೈತೇನು?"

ಅಡಿವೆಪ್ಪ ಅವನ ಮುಖ ನೋಡಲಿಲ್ಲ. ಕೂತವರ ಕಡೆ ತಿರುಗಿದ.

"ಪರದೆ ನೋಡ್ರಿ ಎಲ್ಲಾರೂ. ನನ್ನ ಕಡಿಂದ ಅಳತಿ ಬರೋಬ್ಬರಿ ಬಂದೈತಿ."

ಯಮನೂರ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. ಗೆಳೆಯ ತನ್ನ ಕಡೆ ತಿರುಗಬಹುದು ಎಂಬ ಆಸೆ ಅವನ ಮುಖದಲ್ಲೇ ಇತ್ತು, ಅದನ್ನು ಅಡಿವೆಪ್ಪನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಕಂಡರು. ಆಮೇಲೆ ಅವನು ಒಳಗೆ ಹೋಗಿ ತನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡು ಬಂದ.

ಅಜ್ಜಾರ ಕಾಲಿಗೆ ಬಿದ್ದು ಹೇಳಿದ. ಕೇಳಿದ ಮಾತಿಗೆ ಅಡಿವೆಪ್ಪ ಹೌದು ಅಂದರೂ ಸರಿ, ಅಲ್ಲ ಅಂದರೂ ಸರಿ, ತೆಗೆದುಕೊಳ್ಳುತ್ತೇನೆ. ಅಲ್ಲಿಯ ತನಕ ದಂಡೆಯ ಮೇಲೆ ಕೂತಿರುತ್ತೇನೆ. ನೀರು ಇಳಿದು ಹರಿಗೋಲು ಬಂದರೆ ಹೋಗಿಬಿಡುತ್ತೇನೆ. ಆಚೆ ದಾಟಿದ ಮೇಲೆ ತಿರುಗಿ ಬರುವುದಿಲ್ಲ.

ಅಜ್ಜಾರು ಹೋಗು ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಅವನ ತಲೆಯ ಮೇಲೆ ಕೈ ಇಟ್ಟರು.

ಎಲ್ಲರೂ ಚದುರಿದರು. ಅಜ್ಜಾರು ಅಡಿವೆಪ್ಪನನ್ನು ಕರೆದುಕೊಂಡು ಕಂಪ್ಯೂಟರುಗಳಿದ್ದ ಕೋಣೆಗೆ ಬಂದರು. ಅಡಿವೆಪ್ಪ ಗೆದ್ದವನಂತೆ ನಡೆಯುತ್ತಿದ್ದ.

"ಕಟ್ಟಳಿ ಮುರದಾಂವಗ ಇಲ್ಲಿ ಜಾಗಾ ಇಲ್ಲ," ಎಂದರು ಅಜ್ಜಾರು. "ಆದರ ಖಾತ್ರಿ ಆಗಬೇಕು. ಯಮನೂರ ಬಿಟ್ಟು ಇನ್ಯಾರ ಮ್ಯಾಲ ಸಂಶಯ ಐತಿ?"

ಹೊಳೆಯಲ್ಲಿರುವ ಯಂತ್ರದ ಮೇಲೂ ಬಂದಿತ್ತು, ಪರೀಕ್ಷೆ ಮಾಡಿದೆ, ಅದು ಸರಿ ಇದೆ ಎಂದ ಅಡಿವೆಪ್ಪ. ಸೈರನ್ನಿನ ವೈರು ನೋಡಿದೆ, ಅದೂ ಸರಿ ಇದೆ ಎಂದ.

"ಮತ್ತ?"

"ಮತ್ತ ಯಾರೂ ಇಲ್ರಿ."

"ನನ್ನ ಮ್ಯಾಲ?"

ಅಡಿವೆಪ್ಪ ನೆಲ ನೋಡಿದ. ಅಜ್ಜಾರು ನಕ್ಕರು.

"ಹೆದರಬ್ಯಾಡ. ಈ ಕೆಲಸದಾಗ ಸಂಶಯ ಬೇಕು. ಸಂಶಯ ಇಲ್ಲದಾಂವ ಪ್ರೋಗ್ರಾಂ ಬರೀಬಾರದು. ಆದರ ಅದನ್ನ ಅರ್ಧಕ್ಕ ಯಾಕ ನಿಲ್ಲಿಸಿದಿ?"

"ಅರ್ಧಕ್ಕ ಎಲ್ಲಿ ನಿಲ್ಲಿಸೀನ್ರಿ? ಎಲ್ಲಾರನೂ ನೋಡೀನಲ್ರಿ."

ಅಜ್ಜಾರು ಯಮನೂರನ ಖಾಲಿ ಕುರ್ಚಿಯನ್ನು ತೋರಿಸಿದರು.

"ಅಲ್ಲಿ ಕೂಡು. ಅಲ್ಲಿಂದ ನಿನ್ನ ಮನೀನ ಕರದು ನೋಡು."

ಅಡಿವೆಪ್ಪನಿಗೆ ಆ ಕುರ್ಚಿಯಲ್ಲಿ ಕೂರಲು ಮನಸ್ಸಿರಲಿಲ್ಲ. ಕೂತ. ಅಲ್ಲಿಂದ ಅಳತೆಗಂಬ ಕಾಣುತ್ತಿರಲಿಲ್ಲ. ಎದುರಿಗಿದ್ದದ್ದು ಬರೀ ಗೋಡೆ. ಇಲ್ಲಿ ಕೂತವನು ಹೊಳೆ ಏರಿದೆಯೋ ಇಳಿದಿದೆಯೋ ಎಂದು ತಿಳಿಯಬೇಕಾದರೆ ಅಡಿವೆಪ್ಪ ಕೊಟ್ಟದ್ದನ್ನೇ ನಂಬಬೇಕು, ಇಲ್ಲವೇ ಎದ್ದು ಅಡಿವೆಪ್ಪನ ಕಿಟಕಿಗೆ ಹೋಗಬೇಕು.

ಯಮನೂರ ಬರೆದಂತೆಯೇ ಒಂದು ಸಾಲು ಬರೆದ. ತನ್ನ ಮೆಥಡ್ಡನ್ನು ಕರೆ, ಅದು ಕೊಟ್ಟದ್ದನ್ನು ಒಂದು ಹೆಸರಿನಲ್ಲಿ ಇಟ್ಟುಕೋ. ಅಷ್ಟೇ.

ಪರದೆಯ ಮೇಲೆ ನೀರಿನ ಮಟ್ಟ ಬಂತು.

"ನೋಡ್ರಿ ಅಜ್ಜಾರ. ಬಂತಲ್ರಿ."

"ಅದು ಪರದೇಕ ಬಂತು. ನಿನ್ನ ಕೈಗೆ ಏನ ಬಂತು?"

ಏನು ಕೇಳುತ್ತಾರಪ್ಪ ಇವರು ಎಂದುಕೊಂಡು ಅಡಿವೆಪ್ಪ ತಾನು ಇಟ್ಟುಕೊಂಡ ಹೆಸರಿನಲ್ಲಿ ಏನಿದೆ ಎಂದು ನೋಡಿದ.

ನಿಲ್. ಆ ಭಾಷೆಯಲ್ಲಿ ಏನೂ ಇಲ್ಲ ಎನ್ನುವುದಕ್ಕೆ ಇರುವ ಹೆಸರು ಅದು.

ಮತ್ತೆ ಕರೆದ. ಪರದೆಯ ಮೇಲೆ ಅಂಕಿ, ಕೈಯಲ್ಲಿ ನಿಲ್. ಇನ್ನೊಮ್ಮೆ ಕರೆದ. ಅಂಕಿ, ನಿಲ್.

ಸಂಶಯ ಅಷ್ಟು ಬೇಗ ಸಾಯುವುದಿಲ್ಲ. ಈಗಲೂ ಯಾರೋ ಒಳಗಿದ್ದಾರೆ ಎಂದು ಅವನಿಗೆ ಒಂದು ಗಳಿಗೆ ಅನ್ನಿಸಿತು. ಎದ್ದು ತನ್ನ ಕಿಟಕಿಗೆ ಹೋಗಿ ಇಣುಕಿದ. ಯಮನೂರ ದಂಡೆಯ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಲ್ಲಿಂದ ಅವನು ಏನೂ ಮಾಡುವಂತಿರಲಿಲ್ಲ.

ಅಡಿವೆಪ್ಪ ತನ್ನ ಮನೆಯನ್ನು ತೆರೆದ. ಮೆಥಡ್ಡನ್ನು ಮೇಲಿನಿಂದ ಓದಿದ. ಯಂತ್ರವನ್ನು ಕೇಳುವ ಸಾಲು ತಾನು ಬರೆದಂತೆಯೇ ಇತ್ತು. ಅಳತೆಯನ್ನು ಲೆಕ್ಕ ಹಾಕುವ ಸಾಲೂ ಹಾಗೇ ಇತ್ತು. ಯಾರ ಬೆರಳೂ ಎಲ್ಲೂ ಸೋಕಿರಲಿಲ್ಲ.

ಕೊನೆಗೆ, ಎಲ್ಲಕ್ಕಿಂತ ಕೆಳಗೆ, ಅವನ ಕಾವಲು.

ತೋರಿಸುವ ಸಾಲು ತೋರಿಸುತ್ತದೆ, ಅಷ್ಟೇ. ಅದರಿಂದ ಏನೂ ಹೊರಬರುವುದಿಲ್ಲ. ಅದು ಕೊನೆಗೆ ನಿಂತಿದ್ದರಿಂದ, ಕರೆದವನಿಗೆ ಸಿಗುತ್ತಿದ್ದದ್ದು ಅದರ ಖಾಲಿ ಕೈ. ಅಳತೆ ಅದರ ಬೆನ್ನ ಹಿಂದೆಯೇ ಉಳಿದುಬಿಟ್ಟಿತ್ತು. ಹೊಸಬರಿಗೆ ಮೊದಲ ದಿನವೇ ಅವನು ಹೇಳಿಕೊಡುತ್ತಿದ್ದ ಪಾಠ ಇದು.

ಕಳ್ಳ ಬಂದಿರಲಿಲ್ಲ. ಕಳ್ಳನಿಗಾಗಿ ನಿಲ್ಲಿಸಿದವನೇ ಕೊನೆಯ ಸಾಲೆಂಬ ಬಾಗಿಲಿಗೆ ಅಡ್ಡ ನಿಂತಿದ್ದ. ಅವನಿಂದಾಗಿ ಒಬ್ಬ ಹೆಂಗಸು ನೀರಿನಲ್ಲಿ ನಿಂತು ಕಿರುಚಿದ್ದಳು.

ಅಡಿವೆಪ್ಪ ಅಜ್ಜಾರ ಕಡೆ ತಿರುಗಿದ.

"ನಿಮಗ ಮೊದಲ ಗೊತ್ತಿತ್ತೇನ್ರಿ?"

"ನಿನ್ನ ಮನಿಯೊಳಗ ನಾ ಹೆಂಗ ಹೊಗಲಿ? ಕಟ್ಟಳಿ ನನಗೂ ಐತಿ." ಅಜ್ಜಾರು ಕಣ್ಣು ಒರೆಸಿಕೊಂಡರು. "ಹೆದರಿದಾಂವ ಕಾವಲುಗಾರನ್ನ ಎಲ್ಲಿ ನಿಂದರಸತಾನ ಅನ್ನೂದಷ್ಟ ಗೊತ್ತಿತ್ತು. ನೀ ತಿರುಗಿ ಕೇಳತಿ ಅಂತ ಕಾದ್ನಿ. ಬಿಡಿಸಿ ಹೇಳಬೇಕಿತ್ತು. ಆ ತಪ್ಪು ನಂದು."

ಗುರುಗಳ ಬಾಯಲ್ಲಿ ತಪ್ಪು ಎಂಬ ಮಾತು ಕೇಳಿ ಅಡಿವೆಪ್ಪನಿಗೆ ಇನ್ನಷ್ಟು ನಾಚಿಕೆಯಾಯಿತು.

ತೋರಿಸುವ ಸಾಲನ್ನು ಅಲ್ಲಿಂದ ಎತ್ತಿ ಒಂದು ಸಾಲು ಮೇಲಕ್ಕೆ ಇಟ್ಟ. ಅಳತೆಯೇ ಕೊನೆಗೆ ಬರುವಂತೆ ಮಾಡಿದ.

ನೀರು ಇಳಿಯುತ್ತಿದ್ದರೂ ಇನ್ನೂ ಗುರುತಿನ ಮೇಲೆಯೇ ಇತ್ತು. ಯಮನೂರನ ಮನೆ ಇನ್ನೂ ಬಿಡದೆ ಕೇಳುತ್ತಲೇ ಇತ್ತು. ಈ ಸಲ ಅದಕ್ಕೆ ಉತ್ತರ ಸಿಕ್ಕಿತು.

ಸೈರನ್ ಕೂಗಿತು.

ಎರಡೂ ದಂಡೆಗೆ ಕೇಳಿಸುವಂತೆ ಕೂಗಿತು. ನಾಯಿಗಳು ಬೊಗಳಿದವು. ಶಿಷ್ಯರು ಇದ್ದಬದ್ದ ಕೆಲಸ ಬಿಟ್ಟು ಅಂಗಳಕ್ಕೆ ಓಡಿ ಬಂದರು. ದಂಡೆಯ ಮೇಲೆ ಯಮನೂರ ತಿರುಗಿ ಆಶ್ರಮದ ಕಡೆ ನೋಡಿದ. ಎದ್ದು ಬರಲಿಲ್ಲ, ಮತ್ತೆ ಹೊಳೆಯ ಕಡೆ ತಿರುಗಿ ಕೂತ.

ಅಡಿವೆಪ್ಪ ಕೋಣೆಯಿಂದ ಹೊರಗೆ ಬಂದ. ಎಡಗಡೆ ದಂಡೆಗೆ ಇಳಿಯುವ ಮೆಟ್ಟಿಲು, ಎದುರಿಗೆ ಅಂಗಳ. ಮೆಟ್ಟಿಲ ಕಡೆ ಒಂದು ಹೆಜ್ಜೆ ಇಟ್ಟ. ಯಮನೂರನ ಬೆನ್ನು ಕಂಡಿತು. ಕಾಲು ಮುಂದೆ ಹೋಗಲಿಲ್ಲ. ಆ ಮುಖದ ಎದುರು ನಿಂತು ಏನು ಹೇಳುವುದು? ಒಬ್ಬನ ಮುಂದೆ ಹೇಳುವುದಕ್ಕಿಂತ ಎಲ್ಲರ ಮುಂದೆ ಹೇಳುವುದು ಹಗುರ ಅನ್ನಿಸಿತು.

ಅಂಗಳಕ್ಕೆ ಹೋದ. ದೊಡ್ಡ ದನಿಯಲ್ಲಿ ಎಲ್ಲವನ್ನೂ ಹೇಳಿದ. ಯಮನೂರನದು ಏನೂ ತಪ್ಪಿಲ್ಲ ಎಂದ. ತಪ್ಪು ತನ್ನದು, ತನ್ನ ಸಂಶಯದ್ದು, ಕೊನೆಯಲ್ಲಿಟ್ಟ ಒಂದು ಸಾಲಿನದು ಎಂದ. ಕಾಶವ್ವನ ಸತ್ತ ಆಡುಗಳ ಬೆಲೆಯನ್ನು ತಾನೇ ಕಟ್ಟಿಕೊಡುತ್ತೇನೆ ಎಂದ. ಹೇಳುತ್ತ ಹೇಳುತ್ತ ಅತ್ತ. ಆ ಅಳು ಸುಳ್ಳಾಗಿರಲಿಲ್ಲ.

ಶಿಷ್ಯರಿಗೂ ಕಣ್ಣು ತುಂಬಿ ಬಂತು. ಒಬ್ಬ ಬೆನ್ನು ತಟ್ಟಿದ. ಇನ್ನೊಬ್ಬ, ಇಷ್ಟು ಜನರ ಮುಂದೆ ಒಪ್ಪಿಕೊಳ್ಳುವುದಕ್ಕೆ ಗಟ್ಟಿ ಎದೆ ಬೇಕು ಎಂದ. ಅಡಿವೆಪ್ಪನಿಗೆ ತಲೆಯ ಮೇಲಿನ ಹೊರೆ ಇಳಿದಂತಾಯಿತು. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

ಅಷ್ಟರಲ್ಲಿ ನೀರು ಗುರುತಿಗಿಂತ ಕೆಳಗೆ ಇಳಿದಿತ್ತು, ಹೊಳೆಯ ಕಡೆಯಿಂದ ಹರಿಗೋಲಿನವನ ಕೂಗು ಕೇಳಿತು. ಆಚೆಗೆ ಬರುವವರು ಯಾರಿದ್ದೀರಿ ಎಂದು ಕೇಳುತ್ತಿದ್ದ.

ಅಜ್ಜಾರು ಬಾಗಿಲಲ್ಲಿ ನಿಂತಿದ್ದರು. ಅಡಿವೆಪ್ಪ ಅವರ ಹತ್ತಿರ ಬಂದು ಕೈ ಮುಗಿದ.

"ಎಲ್ಲಾ ಹೇಳಿಬಿಟ್ನಿ, ಅಜ್ಜಾರ. ಏನೂ ಮುಚ್ಚಿಟ್ಟಿಲ್ಲ. ಎಲ್ಲಾರ ಮುಂದ ಒಪ್ಪಿಕೊಂಡೀನ್ರಿ."

ಅಜ್ಜಾರು ಅವನ ಮುಖ ನೋಡಲಿಲ್ಲ. ಅವನ ಹೆಗಲ ಮೇಲಿಂದ ಹೊಳೆಯ ಕಡೆ ನೋಡಿದರು.

"ಪ್ರಶ್ನಾ ಕೇಳಿದಾಂವ ಅಲ್ಲಿ ಹರಿಗೋಲ ಹತ್ತಾಕತ್ತಾನ. ನೀ ಇಲ್ಲಿ ಯಾರಿಗೆ ಉತ್ತರಾ ಕೊಟ್ಟಿ?"